ಹೊಲಿಗೆ ಬಿಟ್ಟ ಕರುಳು, ಗಾಯ ತುಂಬಿಸಿದ ಸ್ಪಂಜು



ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ವಿಜ್ಞಾನ ವಿಭಾಗದವರು ಬರೆಯಬೇಕಾದ ವಿಷಯವನ್ನು ನಾನೇಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಕಳೆದ ಬೇಸಿಗೆ ರಜೆಯಲ್ಲಿ ನಾನು ಒಂದು ನೋಟ್‌ಬುಕ್‌ನಲ್ಲಿ ಸುಳ್ಳು ಅಂಕಿ ಬರೆದೆ. ಆ ಒಂದು ಅಂಕಿಯಿಂದ ನಮ್ಮ ಚಾಚಾ ಅಪಾಯಕ್ಕೆ ಸಿಲುಕುತ್ತಿದ್ದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೊಟ್ಟೆಯ ಆಪರೇಷನ್ ಆದರೆ ನೀವು ಅಂಥ ತಪ್ಪು ಮಾಡಬಾರದು. ಅದಕ್ಕಾಗಿ ಈ ಲೇಖನ.

ಚಾಚಾ ಗಾಂಧಿನಗರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಎರಡು ಮಷೀನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟ್ ಹೊಲಿಯುತ್ತಾರೆ. ಬಳ್ಳಾರಿಯ ಜೀನ್ಸ್ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಅವರಿಗೆ ತಿಂಗಳುಗಟ್ಟಲೆ ಮಲದಲ್ಲಿ ರಕ್ತ ಬರುತ್ತಿತ್ತು. ಕೂತು ಕೆಲಸ ಮಾಡುವವರಿಗೆ ಪೈಲ್ಸ್ ಸಾಮಾನ್ಯ ಎಂದು ಅವರೂ ಸುಮ್ಮನಿದ್ದರು, ನಾವೂ ಸುಮ್ಮನಿದ್ದೆವು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಗುದನಾಳದ ಕ್ಯಾನ್ಸರ್ ಎಂದು ತಿಳಿಯಿತು. ಮೊದಲು ರೇಡಿಯೇಷನ್ ಕೊಟ್ಟು, ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ಚಾಚಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೆ ಫೈಲು, ರಸೀದಿ, ಮಾತ್ರೆ ಎಲ್ಲ ನೋಡಿಕೊಳ್ಳಲು ನಾನೂ ಜೊತೆಗೆ ಹೋಗಿದ್ದೆ.

ಕರುಳಿನ ಜೋಡಣೆ ಎಂದರೇನು?

ಕರುಳು ಒಂದು ಉದ್ದ ಕೊಳವೆ. ಸಣ್ಣ ಕರುಳು ಸುಮಾರು 6 ಮೀಟರ್, ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ದೊಡ್ಡ ಕರುಳಿನ ಕೊನೆಯ ಭಾಗವೇ ಗುದನಾಳ. ಗಡ್ಡೆ ಇರುವ ತುಂಡನ್ನು ಕತ್ತರಿಸಿ ತೆಗೆದ ಮೇಲೆ ಉಳಿದ ಎರಡು ತುದಿಗಳನ್ನು ಮತ್ತೆ ಸೇರಿಸಬೇಕು. ದಾರದಿಂದ ಹೊಲಿಯುತ್ತಾರೆ, ಅಥವಾ ಸ್ಟೇಪ್ಲರ್ ಎಂಬ ಉಪಕರಣದಿಂದ ಸಣ್ಣ ಲೋಹದ ಪಿನ್ನು ಹೊಡೆಯುತ್ತಾರೆ. ಇದೇ ಜೋಡಣೆ.

ಇದು ಹಳೆಯ ವಿದ್ಯೆ. ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲಿ ಕರುಳಿನ ತೂತಿನ ಅಂಚುಗಳನ್ನು ಕಪ್ಪು ಇರುವೆಗಳಿಂದ ಕಚ್ಚಿಸಿ, ಮೈ ಕಿತ್ತು ತಲೆಗಳನ್ನಷ್ಟೇ ಅಲ್ಲಿ ಬಿಡುವ ವಿಧಾನ ಇದೆ. ಸ್ಪೇನಿನ ಕೊರ್ಡೋಬಾ ಹತ್ತಿರ ಬಾಳಿದ ಅಲ್ ಝಹ್ರಾವಿ 1013ರಲ್ಲಿ ತೀರಿಕೊಂಡರು. ಅವರು 30 ಭಾಗಗಳ ತಮ್ಮ ‘ಕಿತಾಬ್ ಅಲ್ ತಸ್ರೀಫ್’ನಲ್ಲಿ ಇರುವೆಯ ವಿಧಾನದ ಬಗ್ಗೆಯೂ, ಪ್ರಾಣಿಯ ಕರುಳಿನಿಂದ ಮಾಡಿದ ದಾರದ ಬಗ್ಗೆಯೂ ಬರೆದಿದ್ದಾರೆ. ಒಂದು ಸಾವಿರ ವರ್ಷದ ಹಿಂದೆಯೇ ವೈದ್ಯರಿಗೆ ಇದ್ದ ಚಿಂತೆ ಈಗಿನ ಸರ್ಜನ್‌ಗೂ ಇದೆ: ಈ ಹೊಲಿಗೆ ನಿಲ್ಲುತ್ತದೆಯೇ?

ಹೊಲಿಗೆ ಏಕೆ ಬಿಡುತ್ತದೆ?

ಆಪರೇಷನ್‌ಗೆ ಮೊದಲು ಡಾಕ್ಟರು ಅಪಾಯಗಳನ್ನು ವಿವರಿಸುವಾಗ ಚಾಚಾ ತಾವೇ ಒಂದು ಮಾತು ಹೇಳಿದರು: “ದಾರ ಎಷ್ಟೇ ಗಟ್ಟಿ ಇರಲಿ ಸಾಬ್, ಬಟ್ಟೆ ಸವೆದಿದ್ದರೆ ಹೊಲಿಗೆ ನಿಲ್ಲಲ್ಲ.” ಡಾಕ್ಟರು ನಕ್ಕು, “ನೀವು ಅರ್ಧ ಪಾಠ ಕಲಿತುಬಿಟ್ರಿ” ಎಂದರು.

ಉಳಿದ ಅರ್ಧ ಪಾಠ ಹೀಗಿದೆ. ಜೀನ್ಸ್ ಬಟ್ಟೆಯಲ್ಲಿ ಹೊಲಿಗೆಯೇ ಕೊನೆ. ಕರುಳಿನಲ್ಲಿ ದಾರವೂ ಪಿನ್ನೂ ಕೆಲವು ದಿನದ ಆಸರೆ ಮಾತ್ರ. ಆಮೇಲೆ ಎರಡು ತುದಿಗಳ ಮಾಂಸ ತಾವಾಗಿಯೇ ಬೆಸೆದುಕೊಳ್ಳಬೇಕು. ಹಾಗೆ ಬೆಸೆಯಲು ಅಲ್ಲಿಗೆ ರಕ್ತ ಚೆನ್ನಾಗಿ ಹರಿಯಬೇಕು, ತುದಿಗಳ ಮೇಲೆ ಎಳೆತ ಇರಬಾರದು. ಜೋಡಣೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಅಪಾಯ ಹೆಚ್ಚು. ಮೊದಲು ರೇಡಿಯೇಷನ್ ತೆಗೆದುಕೊಂಡವರು, ಬೀಡಿ ಸಿಗರೇಟು ಸೇದುವವರು, ರಕ್ತಹೀನತೆ ಮತ್ತು ಅಪೌಷ್ಟಿಕತೆ ಇರುವವರಲ್ಲಿ ಮಾಂಸ ಬೆಸೆಯುವುದು ಕಷ್ಟ.

ಗುದನಾಳದ ಇಂಥ ಆಪರೇಷನ್ ಆದ 100 ಜನರಲ್ಲಿ ಸುಮಾರು 5ರಿಂದ 15 ಜನರಿಗೆ ಸೋರಿಕೆ ಆಗುತ್ತದೆ. ಅನುಭವಿ ಸರ್ಜನ್‌ಗಳ ಕೈಯಲ್ಲೂ ಆಗುತ್ತದೆ. ಆದ್ದರಿಂದ ಲೀಕ್ ಆಯಿತೆಂದರೆ ಯಾರೋ ತಪ್ಪು ಮಾಡಿದ್ದಾರೆ ಎಂದೇ ಅರ್ಥವಲ್ಲ. ಆದರೆ ಲೀಕ್ ಆದದ್ದು ತಡವಾಗಿ ಗೊತ್ತಾದರೆ ಪ್ರಾಣಕ್ಕೇ ಕುತ್ತು. ಕರುಳಿನ ಒಳಗೆ ಇರಬೇಕಾದ ಮಲ ಮತ್ತು ರೋಗಾಣುಗಳು ಹೊಟ್ಟೆಯೊಳಕ್ಕೆ ಸೋರುತ್ತವೆ. ಮೊದಲು ಒಂದು ಕಡೆ ಕೀವು ಕಟ್ಟುತ್ತದೆ. ತಡವಾದರೆ ಸೋಂಕು ಇಡೀ ಹೊಟ್ಟೆಗೆ, ಆಮೇಲೆ ರಕ್ತಕ್ಕೆ ಹರಡುತ್ತದೆ.

ನಾನು ಬರೆದ ಸುಳ್ಳು ಅಂಕಿ

ಚಾಚಾಗೆ ಜೋಡಣೆ ತುಂಬಾ ಕೆಳಗೆ ಇದ್ದುದರಿಂದ ಅದಕ್ಕೆ ವಿಶ್ರಾಂತಿ ಕೊಡಲು ಡಾಕ್ಟರು ಆಪರೇಷನ್ ದಿನವೇ ಹೊಟ್ಟೆಯ ಮೇಲೆ ತಾತ್ಕಾಲಿಕ ದಾರಿ ಮಾಡಿ ಬ್ಯಾಗ್ ಅಂಟಿಸಿದ್ದರು. ಸಣ್ಣ ಕರುಳಿನಿಂದಲೇ ಮಲ ಆ ಬ್ಯಾಗಿಗೆ ಹೋಗುತ್ತದೆ, ಕೆಳಗಿನ ಜೋಡಣೆಯ ಮೂಲಕ ಹಾಯುವುದಿಲ್ಲ. ಆರನೆಯ ದಿನ ಡಿಸ್ಚಾರ್ಜ್ ಆಯಿತು. ಕೆಲವು ದಿನ ಬೆಂಗಳೂರಿನಲ್ಲೇ ಇರಿ, ದಿನಕ್ಕೆ ಮೂರು ಸಲ ಜ್ವರ ನೋಡಿ ಬರೆದಿಡಿ, 100.4 ದಾಟಿದರೆ ಯಾವ ಹೊತ್ತಾದರೂ ಫೋನ್ ಮಾಡಿ ಎಂದು ಹೇಳಿ ಕಳಿಸಿದರು. ನಾವು ಶಿವಾಜಿನಗರದ ಸಂಬಂಧಿಕರ ಮನೆಯಲ್ಲಿ ಉಳಿದೆವು.

ಎಂಟನೆಯ ರಾತ್ರಿ ಥರ್ಮಾಮೀಟರ್ 101.4 ತೋರಿಸಿತು. ಚಾಚಾ ನನ್ನ ಕೈ ಹಿಡಿದು, “ಬೇಟಾ, 99 ಅಂತ ಬರಿ. ಮತ್ತೆ ಅಡ್ಮಿಟ್ ಮಾಡಿದರೆ ಬಕ್ರೀದ್‌ಗೆ ಮನೆಗೆ ಹೋಗೋಕಾಗಲ್ಲ. ದುಡ್ಡೂ ಮುಗೀತಾ ಬಂದಿದೆ” ಎಂದರು. ನಾನು 99 ಎಂದು ಬರೆದೆ.

ಬೆಳಗಿನ ಜಾವ ಅವರಿಗೆ ನಡುಕ ಬಂತು. ಸೊಂಟದ ಹಿಂಭಾಗದಲ್ಲಿ, ಕೆಳಗೆ ನೋವು ಎಂದರು. ನಾಡಿ ಬಹಳ ವೇಗವಾಗಿ ಹೊಡೆದುಕೊಳ್ಳುತ್ತಿತ್ತು. ಆಗ ನಾನು ಚಾಚಿಗೆ ನಿಜ ಹೇಳಿದೆ. ಆಟೋದಲ್ಲಿ ಹೋಗುವಾಗ ಚಾಚಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಸಿಟಿ ಸ್ಕ್ಯಾನ್‌ನಲ್ಲಿ ಜೋಡಣೆಯ ಹಿಂದೆ, ಬೆನ್ನುಮೂಳೆಯ ತುದಿಯ ಮುಂದೆ, ಕೀವು ತುಂಬಿದ ಒಂದು ಗೂಡು ಕಾಣಿಸಿತು. ಜೋಡಣೆಯ ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಬ್ಯಾಗ್ ಇದ್ದುದರಿಂದ ಮಲ ಹೆಚ್ಚು ಸೋರಿರಲಿಲ್ಲ. ಸೋಂಕೂ ಅದೊಂದೇ ಗೂಡಿನಲ್ಲಿ ಉಳಿದಿತ್ತು. “ಒಂದು ರಾತ್ರಿ ತಡ ಆಗಿದೆ, ಈ ಸಲ ನಡೀತು. ಎಲ್ಲ ಸಲ ನಡೆಯಲ್ಲ” ಎಂದರು ಡಾಕ್ಟರು.

ತೂತು ಮುಚ್ಚಿದರೆ ಸಾಲದೇ?

ನಾನು ಕೇಳಿದ ಮೊದಲ ಪ್ರಶ್ನೆ ಇದೇ: ತೂತು ಎಲ್ಲಿದೆ ಎಂದು ಗೊತ್ತಿದೆಯಲ್ಲ, ಇನ್ನೊಂದು ಹೊಲಿಗೆ ಹಾಕಿದರೆ ಆಯಿತಲ್ಲ?

ಆಗುವುದಿಲ್ಲ. ಊದಿಕೊಂಡು ಕೀವು ಹಿಡಿದ ಮಾಂಸದಲ್ಲಿ ಹೊಸ ಹೊಲಿಗೆ ನಿಲ್ಲುವುದಿಲ್ಲ. ನಿಂತರೂ ಒಳಗಿನ ಕೀವಿಗೆ ಹೊರಬರಲು ದಾರಿ ಇರುವುದಿಲ್ಲ. ನಮ್ಮ ಅಕೌಂಟೆನ್ಸಿಯಲ್ಲಿ ತಾಳೆಪಟ್ಟಿ ಕೂಡದಿದ್ದರೆ ವ್ಯತ್ಯಾಸವನ್ನು ಅನಾಮತ್ತು ಖಾತೆಗೆ ಹಾಕುತ್ತೇವೆ. ಎರಡೂ ಬದಿ ಸಮ ಕಾಣುತ್ತದೆ, ಆದರೆ ತಪ್ಪು ಒಳಗೇ ಇರುತ್ತದೆ. ಕೀವು ಬಿಟ್ಟು ಬಾಯಿ ಮುಚ್ಚುವುದೂ ಹಾಗೆಯೇ. ನಾನು 99 ಎಂದು ಬರೆದದ್ದೂ ಹಾಗೆಯೇ.

ಆದ್ದರಿಂದ ಮೊದಲ ಕೆಲಸ ಕೀವನ್ನು ಹೊರಗೆ ತರುವುದು. ಚರ್ಮದ ಮೂಲಕ ನಳಿಕೆ ಇಟ್ಟು ಕೀವು ಇಳಿಸಬಹುದು. ಹೊಟ್ಟೆ ಪೂರ್ತಿ ಸೋಂಕಾಗಿದ್ದರೆ ಮತ್ತೆ ಆಪರೇಷನ್ ಮಾಡಿ ತೊಳೆಯಬೇಕು, ಕೆಲವರಿಗೆ ಜೋಡಣೆಯನ್ನೇ ಬಿಚ್ಚಿ ಕಾಯಂ ಬ್ಯಾಗ್ ಇಡಬೇಕಾಗುತ್ತದೆ. ಇವುಗಳ ಜೊತೆಗೆ ಬಂದ ಹೊಸ ದಾರಿ ಎಂಡೋಸ್ಕೋಪ್ ಮೂಲಕ ಮಾಡುವ ವ್ಯಾಕ್ಯೂಮ್ ಚಿಕಿತ್ಸೆ.

ಸ್ಪಂಜು ಏನು ಮಾಡುತ್ತದೆ?

ಇದರ ಮೂಲ ಚರ್ಮದ ಮೇಲಿನ ಗಾಯದಲ್ಲಿದೆ. ಅಮೆರಿಕದ ನಾರ್ತ್ ಕೆರೊಲಿನಾದ ಅರ್ಜೆಂಟಾ ಮತ್ತು ಮೊರಿಕ್ವಾಸ್ ಎಂಬ ಇಬ್ಬರು, ವಾಸಿಯಾಗದ ಗಾಯದಲ್ಲಿ ಸ್ಪಂಜು ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಯಂತ್ರದಿಂದ ಗಾಳಿ ಹೀರಿಸುವ ವಿಧಾನವನ್ನು 1997ರಲ್ಲಿ ಪ್ರಕಟಿಸಿದರು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಈಗ ಇದನ್ನು ಬಳಸುವುದು ಸಾಮಾನ್ಯ. ನಂತರ ಜರ್ಮನಿಯ ವೈದ್ಯರು ಇದೇ ಸ್ಪಂಜನ್ನು ದೇಹದ ಒಳಗಿನ ಗಾಯಕ್ಕೂ ಇಟ್ಟು ನೋಡಿದರು. ಮ್ಯೂನಿಕ್‌ನ ವೈಡನ್‌ಹಾಗನ್ ಮತ್ತು ಅವರ ಸಂಗಡಿಗರು ಗುದನಾಳದ ಜೋಡಣೆ ಸೋರಿದ 29 ರೋಗಿಗಳ ವರದಿಯನ್ನು 2008ರಲ್ಲಿ ಪ್ರಕಟಿಸಿದರು. ಅವರಲ್ಲಿ 28 ಜನರ ಗಾಯ ವಾಸಿಯಾಗಿತ್ತು. ಒಬ್ಬೊಬ್ಬರಿಗೆ ಸರಾಸರಿ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಬೇಕಾಯಿತು. ಅನ್ನನಾಳದ ಸೋರಿಕೆಗೂ ಈಗ ಇದೇ ವಿಧಾನ ಇದೆ, ಅಲ್ಲಿ ನಳಿಕೆ ಮೂಗಿನಿಂದ ಹೊರಬರುತ್ತದೆ.

ಮಾಡುವ ಕ್ರಮ ಹೀಗೆ. ರೋಗಿಗೆ ಮಂಪರು ಬರಿಸಿ, ಕ್ಯಾಮೆರಾ ಇರುವ ಬಾಗುವ ನಳಿಕೆಯನ್ನು, ಅಂದರೆ ಎಂಡೋಸ್ಕೋಪನ್ನು, ಗುದದ್ವಾರದಿಂದ ಒಳಗೆ ಕಳಿಸುತ್ತಾರೆ. ಜೋಡಣೆಯ ತೂತಿನ ಮೂಲಕವೇ ಕೀವಿನ ಗೂಡಿನೊಳಗೆ ಹೋಗಿ ನೀರು ಬಿಟ್ಟು ತೊಳೆಯುತ್ತಾರೆ. ಗೂಡಿನ ಉದ್ದ ಅಗಲ ನೋಡಿ, ಅದಕ್ಕೆ ಸರಿಯಾಗಿ ಸ್ಪಂಜನ್ನು ಕತ್ತರಿಸಿ ಒಳಗೆ ಕೂರಿಸುತ್ತಾರೆ. ಇದು ಪಾಲಿಯುರಿಥೇನ್ ಸ್ಪಂಜು, ಅದರ ತೂತುಗಳೆಲ್ಲ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಸ್ಪಂಜಿಗೆ ಕಟ್ಟಿದ ಸಣ್ಣ ನಳಿಕೆ ಹೊರಗೆ ಬಂದು ಹೀರುವ ಯಂತ್ರಕ್ಕೋ ಬಾಟಲಿಗೋ ಸೇರುತ್ತದೆ.

ಯಂತ್ರವನ್ನು ಸಾಮಾನ್ಯವಾಗಿ 125 ಮಿಲಿಮೀಟರ್ ಪಾದರಸದಷ್ಟು ಎಳೆತಕ್ಕೆ ಇಡುತ್ತಾರೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 760. ಅಂದರೆ ಗಾಳಿಯ ಒತ್ತಡದ ಆರನೇ ಒಂದು ಭಾಗದಷ್ಟು ಎಳೆತ. ಇದು ಬಿಡದೆ ನಡೆಯುತ್ತದೆ. ಅದರಿಂದ ಆಗುವ ಕೆಲಸ ನಾಲ್ಕು. ಒಂದು, ಕೀವು ಮತ್ತು ಕೊಳೆ ಹುಟ್ಟಿದ ಹಾಗೆಯೇ ಹೊರಗೆ ಹೋಗುತ್ತದೆ. ಎರಡು, ಸ್ಪಂಜು ಕುಗ್ಗುವಾಗ ಗೂಡಿನ ಗೋಡೆಗಳನ್ನೂ ಒಳಕ್ಕೆ ಎಳೆಯುತ್ತದೆ, ಗೂಡು ಚಿಕ್ಕದಾಗುತ್ತದೆ. ಮೂರು, ಮಾಂಸದ ಊತ ಇಳಿದು ರಕ್ತ ಚೆನ್ನಾಗಿ ಹರಿಯುತ್ತದೆ. ನಾಲ್ಕು, ತಳದಿಂದ ಕೆಂಪು ಬಣ್ಣದ ಹೊಸ ಮಾಂಸ ಬೆಳೆಯುತ್ತದೆ. ಗಾಯ ಬಾಯಿಯಿಂದ ಮುಚ್ಚುವುದಿಲ್ಲ, ತಳದಿಂದ ತುಂಬಿಕೊಂಡು ಬರುತ್ತದೆ. ಈ ಚಿಕಿತ್ಸೆಯ ಗುಟ್ಟೆಲ್ಲ ಇಷ್ಟೇ.

ಆದರೆ ಒಂದೇ ಸ್ಪಂಜನ್ನು ಹಾಗೆಯೇ ಬಿಡಲಾಗದು. ಹೊಸ ಮಾಂಸ ಅದರ ತೂತುಗಳೊಳಗೆ ಬೆಳೆದು ಅಂಟಿಕೊಳ್ಳುತ್ತದೆ. ಆದ್ದರಿಂದ ಎರಡು ಮೂರು ದಿನಕ್ಕೊಮ್ಮೆ ತೆಗೆದು, ಇನ್ನೂ ಸಣ್ಣ ಸ್ಪಂಜು ಇಡಬೇಕು. ಚಾಚಾಗೆ ಒಂಬತ್ತು ಸಲ ಇಟ್ಟರು. ಮೊದಲನೆಯದು ಹೆಬ್ಬೆರಳಿನಷ್ಟು ಉದ್ದ ಇತ್ತು, ಕೊನೆಯದು ಕಿರುಬೆರಳ ತುದಿಯಷ್ಟು. ಕಾಲೇಜು ಶುರುವಾದ ಮೇಲೆ ನಾನು ಬಳ್ಳಾರಿಗೆ ವಾಪಸ್ ಬಂದೆ. ಚಾಚಿ ಪ್ರತಿ ರಾತ್ರಿ ಫೋನಿನಲ್ಲಿ ಹೇಳುತ್ತಿದ್ದರು, ನಾನು ಅದೇ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ: ಜ್ವರ ಎಷ್ಟು, ಬಾಟಲಿಯಲ್ಲಿ ಎಷ್ಟು ಮಿಲಿ, ಬಣ್ಣ ಏನು. ಬಕ್ರೀದ್ ಅವರಿಗೆ ಆಸ್ಪತ್ರೆಯಲ್ಲೇ ಆಯಿತು.

ಎಲ್ಲರಿಗೂ ಆಗುವುದಿಲ್ಲ

ಈ ಚಿಕಿತ್ಸೆಗೆ ಮಿತಿಗಳಿವೆ. ಸೋಂಕು ಇಡೀ ಹೊಟ್ಟೆಗೆ ಹರಡಿದ್ದರೆ, ಅಥವಾ ಕರುಳಿನ ತುದಿಯೇ ಸತ್ತು ಕಪ್ಪಾಗಿದ್ದರೆ, ಸ್ಪಂಜು ಸಾಲದು, ತಕ್ಷಣ ಆಪರೇಷನ್ ಬೇಕು. ದೊಡ್ಡ ರಕ್ತನಾಳ ಪಕ್ಕದಲ್ಲೇ ಇದ್ದರೆ ರಕ್ತಸ್ರಾವದ ಭಯ. ಸ್ಪಂಜು ಬದಲಿಸುವಾಗ ನೋವಾಗಬಹುದು, ಸ್ವಲ್ಪ ರಕ್ತ ಬರಬಹುದು, ವಾಸಿಯಾದ ಮೇಲೆ ಆ ಜಾಗ ಕಿರಿದಾಗಬಹುದು. ಲೀಕ್ ಬೇಗ ಪತ್ತೆಯಾದರೆ ಗೂಡಿನ ಗೋಡೆ ಮೆತ್ತಗಿರುತ್ತದೆ, ಎಳೆದರೆ ಬರುತ್ತದೆ. ತಿಂಗಳುಗಟ್ಟಲೆ ಹಳೆಯದಾದರೆ ಗೋಡೆ ಗಟ್ಟಿಯಾಗಿ ಫಲ ಕಡಿಮೆ.

ಎಂಡೋಸ್ಕೋಪ್ ತಲುಪುವ ಜಾಗಕ್ಕೆ ಮಾತ್ರ ಇದು ಸುಲಭ. ಟೈಫಾಯ್ಡ್ ಜ್ವರವನ್ನು ಸರಿಯಾಗಿ ವಾಸಿಮಾಡದೆ ಬಿಟ್ಟರೆ ಸಣ್ಣ ಕರುಳಿನ ಕೊನೆಯಲ್ಲಿ ಹುಣ್ಣಾಗಿ ತೂತು ಬೀಳಬಹುದು. ಅಂಥ ಕಡೆ ಈ ಸ್ಪಂಜು ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ, ಹೊಟ್ಟೆ ತೆರೆದು ಆಪರೇಷನ್ ಮಾಡಬೇಕು.

ಇನ್ನೊಂದು ಗೊಂದಲ ತಿಳಿಯಾಗಬೇಕು. ಸೋರಿಕೆ ವಾಸಿಯಾಗದೆ ಕರುಳಿನಿಂದ ಚರ್ಮಕ್ಕೋ ಮೂತ್ರಕೋಶಕ್ಕೋ ಒಂದು ಕಾಯಂ ದಾರಿ ಆಗಿಬಿಟ್ಟರೆ ಅದನ್ನು ಫಿಸ್ಟುಲಾ ಎನ್ನುತ್ತಾರೆ. ಊರೂರಿನ ಗೋಡೆಗಳ ಮೇಲೆ ‘ಪೈಲ್ಸ್, ಫಿಶರ್, ಫಿಸ್ಟುಲಾಕ್ಕೆ ಆಪರೇಷನ್ ಇಲ್ಲದೆ ಗ್ಯಾರಂಟಿ’ ಎಂದು ಬರೆದಿರುತ್ತಾರಲ್ಲ, ಅದು ಭಗಂದರ, ಗುದದ್ವಾರದ ಪಕ್ಕದ ಬೇರೆ ಕಾಯಿಲೆ. ಹೆಸರು ಒಂದೇ ಎಂದು ಕರುಳಿನ ಸೋರಿಕೆ ಇರುವವರು ಅಂಥ ಬೋರ್ಡು ನೋಡಿ ಹೋಗಬಾರದು. ಮಲದಲ್ಲಿ ರಕ್ತ ಬಂದರೆ ಪೈಲ್ಸ್ ಎಂದು ನಾವೇ ತೀರ್ಮಾನಿಸಲೂಬಾರದು.

ಬ್ಯಾಗ್, ನಮಾಝ್ ಮತ್ತು ನಾಚಿಕೆ

ಹೊಟ್ಟೆಯ ಮೇಲಿನ ಬ್ಯಾಗ್ ಚಾಚಾರನ್ನು ಕ್ಯಾನ್ಸರ್‌ಗಿಂತ ಹೆಚ್ಚು ಕುಗ್ಗಿಸಿತು. “ಇದನ್ನಿಟ್ಟುಕೊಂಡು ಮಸೀದಿಗೆ ಹೇಗೆ ಹೋಗಲಿ, ನಮಾಝ್ ಹೇಗೆ ಮಾಡಲಿ” ಎಂದು ಅಳುತ್ತಿದ್ದರು. ಅಬ್ಬಾ ನಮ್ಮ ಮೊಹಲ್ಲಾದ ಇಮಾಮ್ ಸಾಹೇಬರನ್ನು ಕೇಳಿದರು. ಹನಫಿ ಫಿಕ್ಹ್‌ನಲ್ಲಿ ಇಂಥವರನ್ನು ಮಾಝೂರ್ ಎನ್ನುತ್ತಾರೆ, ಪ್ರತಿ ನಮಾಝಿನ ವಕ್ತ್‌ಗೆ ಹೊಸದಾಗಿ ವುಝೂ ಮಾಡಿದರೆ, ಬೇರೆ ಕಾರಣದಿಂದ ಮುರಿಯದಿದ್ದರೆ, ಆ ವಕ್ತ್ ಮುಗಿಯುವವರೆಗೆ ಸಾಕು ಎಂದು ಅವರು ಹೇಳಿದರು. ಫೋನಿನಲ್ಲಿ ಈ ಮಾತು ಕೇಳಿದ ದಿನ ಚಾಚಾ ಹೊಟ್ಟೆ ತುಂಬಾ ಊಟ ಮಾಡಿದರು ಎಂದು ಚಾಚಿ ಹೇಳಿದರು. ಗಾಯ ತುಂಬಲು ಊಟವೂ ಔಷಧಿಯಷ್ಟೇ ಬೇಕು. ಮೊಟ್ಟೆ, ಬೇಳೆ, ಮೀನು ತಿನ್ನದೆ ಹೊಸ ಮಾಂಸ ಎಲ್ಲಿಂದ ಬರಬೇಕು?

ನಾವು ಏನು ಮಾಡಬೇಕು?

ಕರುಳಿನ ಆಪರೇಷನ್ ಆದ ಮೊದಲ ಎರಡು ವಾರ ಮನೆಯವರು ಎಚ್ಚರದಿಂದ ಇರಬೇಕು. ಜ್ವರ, ನಡುಕ, ನಾಡಿಯ ವೇಗ, ಹೆಚ್ಚುತ್ತಿರುವ ಹೊಟ್ಟೆನೋವು, ಹೊಟ್ಟೆ ಉಬ್ಬರ, ವಾಂತಿ, ಗಾಯದಿಂದಲೋ ನಳಿಕೆಯಿಂದಲೋ ಮಲದ ಬಣ್ಣದ ಅಥವಾ ವಾಸನೆಯ ದ್ರವ, ಗುದದ್ವಾರದಿಂದ ಕೀವು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದೇ ಗಳಿಗೆ ಆಪರೇಷನ್ ಮಾಡಿದ ಡಾಕ್ಟರಿಗೆ ಹೇಳಬೇಕು. ಜ್ವರದ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. ಮಾತ್ರೆ ಜ್ವರ ಇಳಿಸುತ್ತದೆ, ಲೀಕ್ ನಿಲ್ಲಿಸುವುದಿಲ್ಲ.

ಆಪರೇಷನ್‌ಗೆ ಮೊದಲೇ ಮೂರು ಪ್ರಶ್ನೆ ಕೇಳಿರಿ. ಜೋಡಣೆ ಎಷ್ಟು ಕೆಳಗೆ ಬರುತ್ತದೆ? ತಾತ್ಕಾಲಿಕ ಬ್ಯಾಗ್ ಬೇಕಾಗುತ್ತದೆಯೇ? ಲೀಕ್ ಆದರೆ ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ಇಲ್ಲಿಯೇ ಆಗುತ್ತದೆಯೇ, ಬೇರೆ ಊರಿಗೆ ಹೋಗಬೇಕೇ? ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಯವರು ರಾತ್ರಿ ಹೊತ್ತು ಯಾವ ಗಾಡಿಯಲ್ಲಿ ಬಳ್ಳಾರಿಗೆ ಬರಬೇಕು ಎನ್ನುವುದನ್ನೂ ಮೊದಲೇ ಯೋಚಿಸಿಟ್ಟರೆ ಒಳ್ಳೆಯದು.

ದುಡ್ಡಿನ ಮಾತು ವಾಣಿಜ್ಯದವರಾದ ನಾವು ಆಡದಿದ್ದರೆ ಹೇಗೆ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ. 30ರಷ್ಟು, 1.5 ಲಕ್ಷ ರೂಪಾಯಿ ಮಿತಿಯೊಳಗೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಮುಂದೆ ಬರಬಹುದಾದ ಖರ್ಚಿನಲ್ಲಿ ಯಾವುದು ಯೋಜನೆಗೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಅವರನ್ನು ಆಪರೇಷನ್‌ಗೆ ಮೊದಲೇ ಕೇಳಿ. ಚಾಚಾ ಜ್ವರ ಮುಚ್ಚಿಟ್ಟದ್ದಕ್ಕೆ ಅರ್ಧ ಕಾರಣ ಬಕ್ರೀದ್, ಇನ್ನರ್ಧ ದುಡ್ಡು. ಲೆಕ್ಕ ಮೊದಲೇ ಗೊತ್ತಿದ್ದರೆ ಅವರು ಅಷ್ಟು ಹೆದರುತ್ತಿರಲಿಲ್ಲವೇನೋ. ಬಡ ರೋಗಿಗಳಿಗಾಗಿ ಬ್ರೆಜಿಲ್‌ನ ಸಾವೊ ಪಾಲೊದ ವೈದ್ಯರು ದುಬಾರಿ ಸ್ಪಂಜಿನ ಬದಲು ಸಾಮಾನ್ಯ ನಳಿಕೆಗೆ ಗಾಜ್ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸೂಜಿಯಿಂದ ತೂತು ಮಾಡಿ ಇದೇ ಕೆಲಸ ಮಾಡಿಸಿದ್ದಾರೆ. ಮೆಡಿಕಲ್ ಓದಲು ಹೊರಟಿರುವ ನಮ್ಮ ವಿಜ್ಞಾನ ವಿಭಾಗದ ಗೆಳೆಯರು ಇದನ್ನು ನೆನಪಿಟ್ಟುಕೊಳ್ಳಲಿ.

ನವೆಂಬರ್‌ನಲ್ಲಿ ಚಾಚಾರ ಬ್ಯಾಗ್ ತೆಗೆದು ಕರುಳನ್ನು ಮತ್ತೆ ಸೇರಿಸಿದರು. ಈಗ ದಿನಕ್ಕೆ ಐದಾರು ಸಲ ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ, ನಿಧಾನವಾಗಿ ಕಡಿಮೆಯಾಗುತ್ತದೆ ಎಂದಿದ್ದಾರೆ. ಕ್ಯಾನ್ಸರ್‌ನ ತಪಾಸಣೆ ಇನ್ನೂ ವರ್ಷಗಳ ಕಾಲ ಇದೆ. ಬೆಳಗ್ಗೆ ಎರಡು ಗಂಟೆ ಮಷೀನ್ ಮೇಲೆ ಕೂರುತ್ತಾರೆ.

ಆ ನೋಟ್‌ಬುಕ್ ನನ್ನ ಹತ್ತಿರವೇ ಇದೆ. 99 ಎಂಬುದನ್ನು ನಾನು ಅಳಿಸಿಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪನ್ನು ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು ಎಂದು ನಮ್ಮ ಸರ್ ಹೇಳಿಕೊಟ್ಟಿದ್ದಾರೆ. ಹಾಗೆಯೇ ಗೆರೆ ಎಳೆದು 101.4 ಎಂದು ಬರೆದಿದ್ದೇನೆ. ನಿಮ್ಮ ಮನೆಯ ರೋಗಿ “99 ಅಂತ ಬರಿ” ಎಂದರೆ ಅವರ ಮೇಲೆ ಎಷ್ಟೇ ಪ್ರೀತಿ ಇದ್ದರೂ ದಯವಿಟ್ಟು ಬರೆಯಬೇಡಿ.